ಕಡಲೆಬೀಜಕ್ಕೆ ಕಾಣದ ಸಕ್ಕರೆ

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿ ಪರಿಷೆಯಲ್ಲಿ ರಾಶಿ ಬೀಳುವ ಕಡಲೆಕಾಯಿಯಲ್ಲಿ ಲೆಕ್ಟಿನ್ ಎಂಬ ಪ್ರೋಟೀನ್ ಇದೆ. ಸಕ್ಕರೆಯನ್ನು ಗುರುತಿಸಿ ಹಿಡಿಯುವುದು ಅದರ ಗುಣ. 1994ರಲ್ಲಿ ಅದರ ಹರಳು ರಚನೆಯನ್ನು ಬಿಡಿಸಿ ತೋರಿಸಿದ್ದು ಇದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ಮತ್ತು ಸಂಗಡಿಗರು. ಈ ಲೆಕ್ಟಿನ್ ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಬೆಳೆಯುವ ಎಳೆಯ ಟಿ ಕೋಶಗಳನ್ನು, ಅಂದರೆ ರೋಗದ ವಿರುದ್ಧ ಹೋರಾಡುವ ಕೋಶಗಳನ್ನು, ಗಟ್ಟಿಯಾಗಿ ಹಿಡಿಯುತ್ತದೆ. ಅವೇ ಕೋಶಗಳು ಬಲಿತರೆ ಹೆಚ್ಚುಕಮ್ಮಿ ಮುಟ್ಟುವುದೇ ಇಲ್ಲ. ಯಾಕೆ?

ಜೀವಕೋಶದ ಹೊರಮೈ ತುಂಬ ಸಕ್ಕರೆ ಸರಪಳಿಗಳಿರುತ್ತವೆ. ಎಷ್ಟೋ ಸರಪಳಿಗಳ ತುದಿಯಲ್ಲಿ ಕೂರುವುದು ಸಯಾಲಿಕ್ ಆಸಿಡ್ ಎಂಬ ಸಕ್ಕರೆ. ಗ್ಲೂಕೋಸಿಗೆ 6 ಕಾರ್ಬನ್, ಇದಕ್ಕೆ 9. ಜೊತೆಗೆ ಋಣ ವಿದ್ಯುದಂಶ ಬೇರೆ. ಇದನ್ನು ಅಂಟಿಸುವ ಕಿಣ್ವಗಳಿಗೆ ಸಯಾಲಿಲ್‌ಟ್ರಾನ್ಸ್‌ಫರೇಸ್ ಅಂತ ಹೆಸರು. ಮನುಷ್ಯರಲ್ಲಿ ಇವು 20 ಇವೆ.

ಸಯಾಲಿಕ್ ಆಸಿಡ್ ಸುಮ್ನೆ ಹೋಗಿ ಅಂಟುವುದಿಲ್ಲ. ಮೊದಲು ಅದಕ್ಕೆ ಸಿಎಂಪಿ ಎಂಬ ಅಣು ಸೇರಬೇಕು. ಇದು ನಡೆಯುವುದು ಕೋಶಕೇಂದ್ರದಲ್ಲಿ. ಬೇರೆ ಸಕ್ಕರೆಗಳಿಗೆ ಇಂಥ ತಯಾರಿ ಕೋಶದ್ರವದಲ್ಲೇ ಮುಗಿಯುತ್ತದೆ. ಇದೊಂದಕ್ಕೆ ಮಾತ್ರ ಒಳಮನೆಯೇ ಬೇಕು, ವಿಚಿತ್ರ ಅಲ್ವಾ? ಅಲ್ಲಿಂದ ಹೊರಟ ಜೋಡಿ ಗಾಲ್ಗಿ ಎಂಬ ಕೋಶದ ಭಾಗದೊಳಗೆ ಹೋಗುತ್ತದೆ. ಕಿಣ್ವ ಇರುವುದು ಅಲ್ಲಿ.

ಕಿಣ್ವ ಈ ಜೋಡಿಯನ್ನೂ ಸರಪಳಿಯಲ್ಲಿರುವ ಗ್ಯಾಲಕ್ಟೋಸ್ ಎಂಬ ಸಕ್ಕರೆಯನ್ನೂ ಎದುರುಬದುರು ಹಿಡಿದು ನಿಲ್ಲಿಸುತ್ತದೆ. ಕಿಣ್ವದಲ್ಲಿರುವ ಹಿಸ್ಟಿಡಿನ್ ಎಂಬ ಒಂದು ಅಮೈನೋ ಆಮ್ಲ ಗ್ಯಾಲಕ್ಟೋಸಿನ ಆಮ್ಲಜನಕದಿಂದ ಪ್ರೋಟಾನ್ ಕಿತ್ತುಕೊಳ್ಳುತ್ತದೆ. ಆ ಆಮ್ಲಜನಕ ಸಯಾಲಿಕ್ ಆಸಿಡ್ಡಿನ ಎರಡನೇ ಕಾರ್ಬನ್ನಿಗೆ ಹಿಂದಿನಿಂದ ನುಗ್ಗುತ್ತದೆ, ಮುಂದಿನಿಂದ ಸಿಎಂಪಿ ಕಳಚುತ್ತದೆ. ಹಾಗಾಗಿ ಬೀಟಾ ಇದ್ದ ಬಂಧದ ದಿಕ್ಕು ತಿರುಗಿ ಆಲ್ಫಾ ಆಗುತ್ತದೆ.

ಟಿ ಕೋಶ ಬಲಿಯುವಾಗ ಇಂಥ ಒಂದು ಕಿಣ್ವದ ಕೆಲಸ ಜಾಸ್ತಿಯಾಗುತ್ತದೆ. ಲೆಕ್ಟಿನ್ ಹುಡುಕುವ ಗ್ಯಾಲಕ್ಟೋಸಿನ ಮೇಲೆ ಸಯಾಲಿಕ್ ಆಸಿಡ್ ಬಂದು ಕೂರುತ್ತದೆ, ಹಿಡಿತ ಸಿಗುವುದಿಲ್ಲ. ಎಳೆಯ ಮತ್ತು ಬಲಿತ ಕೋಶಗಳನ್ನು ಬೇರ್ಪಡಿಸಲು ಪ್ರಯೋಗಾಲಯಗಳು ಇದನ್ನೇ ಬಳಸಿಕೊಂಡಿವೆ.

ಎಲ್ಲಿ ಅಂಟಿಸಬೇಕು ಅನ್ನುವುದೂ ಕಿಣ್ವದ ಮೇಲೆ ನಿಂತಿದೆ. ಕೆಲವು ಗ್ಯಾಲಕ್ಟೋಸಿನ 3ನೇ ಕಾರ್ಬನ್ನಿಗೆ ಅಂಟಿಸುತ್ತವೆ, ಕೆಲವು 6ನೇದಕ್ಕೆ. ಇಷ್ಟು ಸಣ್ಣ ವ್ಯತ್ಯಾಸವನ್ನು ಫ್ಲೂ ವೈರಸ್ ಚೆನ್ನಾಗಿ ಬಲ್ಲದು. ಹಕ್ಕಿ ಜ್ವರದ ವೈರಸ್ಸಿಗೆ 3ನೇದು ಇಷ್ಟ, ಮನುಷ್ಯರ ಫ್ಲೂಗೆ 6ನೇದು. ನಮ್ಮ ಮೂಗು, ಗಂಟಲಲ್ಲಿ ಜಾಸ್ತಿ ಇರುವುದು 6ನೇದೇ. ಹಕ್ಕಿ ಜ್ವರ ಮನುಷ್ಯರಿಂದ ಮನುಷ್ಯರಿಗೆ ಸುಲಭವಾಗಿ ಹಬ್ಬದಿರಲು ಇದೂ ಒಂದು ಕಾರಣ. ಹೊಸ ವೈರಸ್ಸುಗಳು ಕೋಶ ಬಿಟ್ಟು ಹೊರಡುವಾಗ ತಮ್ಮದೇ ಕಿಣ್ವದಿಂದ ಸಯಾಲಿಕ್ ಆಸಿಡನ್ನು ಕತ್ತರಿಸುತ್ತವೆ. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆ ತಡೆಯುವುದು ಆ ಕತ್ತರಿಸುವ ಕಿಣ್ವವನ್ನು, ನಮ್ಮ ಅಂಟಿಸುವ ಕಿಣ್ವವನ್ನಲ್ಲ.