ಆ ಪ್ರಶ್ನೆ ಡಾರ್ವಿನ್‌ಗೆ ಸೇರಿದ್ದಲ್ಲ

ಜೀವದ ಉಗಮದ ಬಗ್ಗೆ ಉಪನ್ಯಾಸ ಮುಗಿಸಿ ನೀರಿನ ಲೋಟಕ್ಕೆ ಕೈ ಹಾಕುವಷ್ಟರಲ್ಲಿ ಸಭೆಯಲ್ಲಿ ಒಂದು ಕೈ ಮೇಲೇಳುತ್ತದೆ. "ಮೇಡಂ, ಮೊದಲ ಜೀವ ಹೇಗೆ ಬಂತೆಂದು ನಿಮಗೇ ಗೊತ್ತಿಲ್ಲ. ಅಂದ ಮೇಲೆ ವಿಕಾಸವಾದ ಬಿದ್ದುಹೋದಂತೆಯೇ ಅಲ್ಲವೇ?" ಅವರು ಕುಳಿತುಕೊಳ್ಳುವ ಮೊದಲೇ ಹಿಂದಿನ ಸಾಲಿನಿಂದ ಇನ್ನೊಬ್ಬರು, "ವಿಕಾಸ ಸಾಬೀತಾಗಿದೆ, ಇನ್ನು ದೇವರಿಗೆ ಕೆಲಸವಿಲ್ಲ" ಎನ್ನುತ್ತಾರೆ. ನೀವಿಬ್ಬರೂ ಮಾಡುತ್ತಿರುವುದು ಒಂದೇ ತಪ್ಪು ಎಂದರೆ ಇಬ್ಬರಿಗೂ ನನ್ನ ಮೇಲೆ ಸಿಟ್ಟು.

ವಿಕಾಸವಾದ ಹೇಳುವುದು ಜೀವ ಇದ್ದ ಮೇಲಿನ ಕಥೆಯನ್ನು. ತನ್ನಂಥದ್ದನ್ನೇ ಮತ್ತೆ ಮಾಡಬಲ್ಲ, ಮಾಡುವಾಗ ಆಗೀಗ ತಪ್ಪುವ ಒಂದು ವಸ್ತು ಮೊದಲು ಇರಬೇಕು. ಆ ತಪ್ಪುಗಳಲ್ಲಿ ಕೆಲವಾದರೂ ಅದರ ಉಳಿವಿಗೆ ನೆರವಾಗಬೇಕು. ನಿಸರ್ಗದ ಆಯ್ಕೆಗೆ ಕೆಲಸ ಸಿಗುವುದು ಆಮೇಲೆ. ಆ ಮೊದಲ ವಸ್ತು ಎಲ್ಲಿಂದ ಬಂತು ಎಂಬುದು ನನ್ನಂಥ ರಸಾಯನಶಾಸ್ತ್ರದವರ ತಲೆನೋವು. ಮನುಷ್ಯ ಮೊದಲ ಮಾತನ್ನು ಯಾವಾಗ ಆಡಿದನೋ ಯಾರಿಗೂ ಗೊತ್ತಿಲ್ಲ. ಹಾಗೆಂದು ಹಳಗನ್ನಡದ 'ಪಾಲ್' ಇಂದು 'ಹಾಲು' ಆದದ್ದು ಸುಳ್ಳೇ? ಹಾಗೆಯೇ, 'ಪಾಲ್' 'ಹಾಲು' ಆದ ಬಗೆ ತಿಳಿದ ಮಾತ್ರಕ್ಕೆ ಮೊದಲ ಮಾತಿನ ಗುಟ್ಟು ಬಿಡಿಸಿದಂತಾಗುವುದೇ? ಎರಡೂ ಇಲ್ಲ. ಇಷ್ಟನ್ನು ಹೇಳುವುದರಲ್ಲೇ ನನ್ನ ಅರ್ಧ ವೃತ್ತಿಜೀವನ ಕಳೆದಿದೆ.

ಗೊಂದಲಕ್ಕೆ 'ಉಗಮ' ಎಂಬ ಪದವೂ ಕಾರಣ. 1859ರಲ್ಲಿ ಡಾರ್ವಿನ್ ಬರೆದದ್ದು ಪ್ರಭೇದಗಳ ಉಗಮದ ಬಗ್ಗೆ, ಜೀವದ ಉಗಮದ ಬಗ್ಗೆ ಅಲ್ಲ. ಮರುವರ್ಷದ ಎರಡನೇ ಆವೃತ್ತಿಯ ಕೊನೆಯ ವಾಕ್ಯದಲ್ಲಿ ಅವರು 'ಸೃಷ್ಟಿಕರ್ತನಿಂದ' ಎಂಬ ಮಾತನ್ನೂ ಸೇರಿಸಿದರು. ಆಮೇಲೆ ಹಾಗೆ ಬರೆದದ್ದಕ್ಕೆ ಗೆಳೆಯನಿಗೆ ಬರೆದ ಪತ್ರದಲ್ಲಿ ಪರಿತಪಿಸಿದರು. ಬೆಚ್ಚಗಿನ ಪುಟ್ಟ ಕೊಳವೊಂದರಲ್ಲಿ ಜೀವ ಶುರುವಾಗಿರಬಹುದೇ ಎಂಬ ಅವರ ಪ್ರಸಿದ್ಧ ಊಹೆಯೂ ಬಂದದ್ದು 1871ರ ಒಂದು ಖಾಸಗಿ ಪತ್ರದಲ್ಲಿ.

ಇನ್ನು ಹತ್ತೊಂಬತ್ತನೇ ಶತಮಾನದ ಫ್ರೆಂಚ್ ವಿಜ್ಞಾನಿ ಪಾಶ್ಚರ್. ಜೀವದಿಂದಲೇ ಜೀವ ಎಂದು ಅವರು ಎಂದೋ ಸಾಧಿಸಿದ್ದಾರಲ್ಲ ಎನ್ನುವವರು ತಪ್ಪದೇ ಸಿಗುತ್ತಾರೆ. ಕುದಿಸಿದ ಸಾರು, ಹಂಸದ ಕತ್ತಿನಂತೆ ಬಾಗಿದ ಗಾಜಿನ ಕೊಳವೆ, ಇಂದಿನ ಗಾಳಿ: ಇಷ್ಟರಲ್ಲಿ ಸೂಕ್ಷ್ಮಜೀವಿಗಳು ತಾವಾಗಿ ಹುಟ್ಟುವುದಿಲ್ಲವೆಂದು ಅವರು ತೋರಿಸಿದರು. ಆಮ್ಲಜನಕವೇ ಇಲ್ಲದಿದ್ದ ಪ್ರಾಚೀನ ಭೂಮಿಯಲ್ಲಿ, ಕೋಟ್ಯಂತರ ವರ್ಷಗಳಲ್ಲಿ ಏನಾಗಬಹುದು ಎಂಬುದು ಆ ಪ್ರಯೋಗದ ವ್ಯಾಪ್ತಿಗೇ ಬರುವುದಿಲ್ಲ.

'ದೇವರಿಗೆ ಕೆಲಸವಿಲ್ಲ' ಎನ್ನುವ ಎದುರು ಪಕ್ಷದವರ ಅಚ್ಚುಮೆಚ್ಚಿನ ಹೆಸರು ಅಮೆರಿಕದ ರಸಾಯನಶಾಸ್ತ್ರಜ್ಞ ಮಿಲ್ಲರ್. 1953ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಮೀಥೇನ್, ಅಮೋನಿಯಾ, ಹೈಡ್ರೋಜನ್ ಮತ್ತು ನೀರಾವಿಯ ನಡುವೆ ವಿದ್ಯುತ್ ಕಿಡಿ ಹಾಯಿಸಿದರು. ಒಂದು ದಿನ ಕಳೆಯುವಷ್ಟರಲ್ಲಿ ನೀರು ನಸುಗೆಂಪಾಯಿತು, ವಾರದ ಕೊನೆಗೆ ಗಾಢ ಕೆಂಪಾಗಿ ಕದಡಿತು. ಅದರಲ್ಲಿ ಗ್ಲೈಸೀನ್, ಅಲನೀನ್‌ನಂಥ ಅಮೈನೋ ಆಮ್ಲಗಳು, ಅಂದರೆ ಪ್ರೋಟೀನ್‌ಗಳನ್ನು ಕಟ್ಟುವ ಬಿಡಿ ಅಣುಗಳು, ಸಿಕ್ಕವು. ಅದ್ಭುತವೇ ಸರಿ, ಆದರೆ ಸಿಕ್ಕದ್ದು ಇಟ್ಟಿಗೆ, ಮನೆಯಲ್ಲ. ಅಂದಿನ ವಾತಾವರಣ ನಿಜಕ್ಕೂ ಹಾಗಿತ್ತೇ ಎಂಬ ತಕರಾರೂ ಇದೆ. ಮುಂದೆ ಡಿಎನ್‌ಎಯ ಹತ್ತಿರದ ಸಂಬಂಧಿಯಾದ ಆರ್‌ಎನ್‌ಎ ಅಣುವೇ ಆನುವಂಶಿಕ ಮಾಹಿತಿಯನ್ನು ಹೊತ್ತು, ರಾಸಾಯನಿಕ ಕ್ರಿಯೆಗಳಿಗೆ ವೇಗ ಕೊಡುವ ಕಿಣ್ವದಂತೆಯೂ ದುಡಿಯಬಲ್ಲದೆಂದು ತಿಳಿದಾಗ (1989ರ ನೊಬೆಲ್ ಅದಕ್ಕೆ ಸಂದಿತು) ದಾರಿ ಸ್ವಲ್ಪ ತೆರೆಯಿತು. ತಾನೇ ತಾನಾಗಿ ಪ್ರತಿಯಾಗುವ ಮೊದಲ ಅಣುವಿನವರೆಗೆ ಅದು ಇನ್ನೂ ತಲುಪಿಲ್ಲ. 'ಇನ್ನೂ' ಎಂಬ ಪದವನ್ನು ನಾನು ಅಳೆದೇ ಬಳಸುತ್ತೇನೆ. ಅದು ಸೋಲೊಪ್ಪಿಗೆಯಲ್ಲ, ಭರವಸೆ ಪತ್ರವೂ ಅಲ್ಲ.

ನನ್ನ ಉಪನ್ಯಾಸಗಳಿಗೆ ತಪ್ಪದೇ ಬರುವ, ದೇವರಲ್ಲಿ ಗಾಢ ನಂಬಿಕೆಯುಳ್ಳ ಹಿರಿಯರೊಬ್ಬರಿದ್ದಾರೆ. ವಾದಕ್ಕೆ ಇಳಿದವರೇ ಅಲ್ಲ. ಮಿಲ್ಲರ್ ಕಥೆ ಕೇಳಿದ ದಿನ ಎಲ್ಲರೂ ಹೋದ ಮೇಲೆ ಹತ್ತಿರ ಬಂದರು.

"ಆ ಕೆಂಪು ನೀರಿಗೆ ಕಿಡಿ ಕೊಡುತ್ತಲೇ ಹೋಗಿದ್ದರೆ?"

"ಬಹುಪಾಲು ಡಾಂಬರಿನಂಥ ಅಂಟು ಆಗುತ್ತಿತ್ತು ಸರ್. ಕಟ್ಟುವ ಕಿಡಿಯೇ ಒಡೆಯುತ್ತದೆ. ಅದಕ್ಕೇ ಆದದ್ದನ್ನು ತಂಪು ಮಾಡಿ ಕೆಳಗಿಳಿಸುವ ಕೊಳವೆಯೊಂದು ಆ ಸಾಧನದಲ್ಲಿತ್ತು."

"ಹಾಗಾದರೆ ಭೂಮಿಯಲ್ಲಿ ಆ ಕೊಳವೆ ಯಾವುದು?"

ಇಷ್ಟು ವರ್ಷಗಳಲ್ಲಿ ಸಭೆಯಿಂದ ನನಗೆ ಬಂದ ಅತ್ಯುತ್ತಮ ಪ್ರಶ್ನೆ ಅದು. ಒಣಗಿ ನೆನೆಯುವ ಕೊಳಗಳು, ಜೇಡಿಮಣ್ಣಿನ ಪದರಗಳು, ಸಾಗರದಡಿಯ ಬಿಸಿನೀರಿನ ಬುಗ್ಗೆಗಳಲ್ಲಿರುವ ಕಲ್ಲಿನ ಸೂಕ್ಷ್ಮ ರಂಧ್ರಗಳು — ಒಂದೊಂದರ ಪರ ವಿರೋಧವನ್ನೂ ಹೇಳುತ್ತಾ ಹೋದೆ. ಅರ್ಧ ಗಂಟೆಯಾಗಿತ್ತು. ದೀಪ ಆರಿಸಲು ಬಂದವರು ಬಾಗಿಲಲ್ಲಿ ನಿಂತಿದ್ದರು.