ಓದುಗರ ಪ್ರಶ್ನೆ: ದುಬೈನಿಂದ ಬರುವ ಟೆಕ್ಲಾಸ್ಟ್ ಟ್ಯಾಬ್‌ನಲ್ಲಿ 16 ಜಿಬಿ ರ‍್ಯಾಮ್ ಇದೆಯಂತೆ, ತರಿಸಲಾ?

‘ಮಗಳು ಹತ್ತನೇ ತರಗತಿ. ದುಬೈನಲ್ಲಿರೋ ಭಾವ ಟೆಕ್ಲಾಸ್ಟ್ ಅನ್ನೋ ಕಂಪನಿಯ ಟ್ಯಾಬ್ ತರ್ತೀನಿ ಅಂದಿದ್ದಾರೆ. ಸ್ಯಾಮ್‌ಸಂಗ್‌ನಲ್ಲಿ 4 ಜಿಬಿ ರ‍್ಯಾಮ್, ಇದರಲ್ಲಿ 16. ತರಿಸಲಾ ಸರ್?’

ಭಾವ ತಂದರೂ, ಆನ್‌ಲೈನ್‌ನಲ್ಲಿ ತರಿಸಿದರೂ ಪ್ರಶ್ನೆ ಬಂದು ನಿಲ್ಲುವುದು ಆ 16 ಜಿಬಿಗೇ. ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ.

ಮೊದಲು ಒಳ್ಳೆಯದು. ಟೆಕ್ಲಾಸ್ಟ್ ಚೀನಾದ ಗುವಾಂಗ್‌ಝೌ ನಗರದ ಕಂಪನಿ, ವರ್ಷಗಳಿಂದ ಟ್ಯಾಬ್ ಮಾಡುತ್ತಿದೆ. 2021ರ ಅದರ ಟಿ40 ಪ್ರೊ ನೋಡಿ: ಯುನಿಸಾಕ್ ಟಿ618 ಚಿಪ್, 10.4 ಇಂಚಿನ ಪರದೆ, 8 ಜಿಬಿ ರ‍್ಯಾಮ್, 128 ಜಿಬಿ ಸ್ಟೋರೇಜ್. ಅದೇ ವರ್ಷದ ಕೊನೆಗೆ ಸ್ಯಾಮ್‌ಸಂಗ್ ಘೋಷಿಸಿದ ಗ್ಯಾಲಕ್ಸಿ ಟ್ಯಾಬ್ ಎ8ರಲ್ಲಿ ಇದ್ದದ್ದೂ ಇದೇ ಚಿಪ್! ಹೆಸರು ಕೇಳಿಲ್ಲ ಅಂದಮಾತ್ರಕ್ಕೆ ಒಳಗಿನ ಸಾಮಾನು ಕಳಪೆ ಅಲ್ಲ.

ಈಗ 16ರ ಕಥೆ. ಈಚಿನ ಮಾದರಿಗಳ ಬಾಕ್ಸ್ ಮೇಲೆ ದೊಡ್ಡದಾಗಿ 16 ಎಂದಿರುತ್ತದೆ, ಪಕ್ಕದಲ್ಲಿ ಚಿಕ್ಕದಾಗಿ 8+8. ಮೊದಲ 8 ನಿಜವಾದ ರ‍್ಯಾಮ್. ಎರಡನೆಯದು ರ‍್ಯಾಮೇ ಅಲ್ಲ. ಫೋಟೊ, ವಿಡಿಯೊ ಇಡುವ ಸ್ಟೋರೇಜ್‌ನಲ್ಲೇ ಎಂಟು ಜಿಬಿ ಕಿತ್ತು ಅದಕ್ಕೆ ರ‍್ಯಾಮ್ ಎಂದು ಹೆಸರಿಟ್ಟಿದ್ದಾರೆ. ಅಡುಗೆಮನೆ ಲೆಕ್ಕದಲ್ಲಿ ಹೇಳುವುದಾದರೆ ರ‍್ಯಾಮ್ ಎಂದರೆ ತೆರೆದಿರುವ ಆ್ಯಪ್‌ಗಳು ಕೆಲಸ ಮಾಡುವ ಜಾಗ, ಒಲೆಯ ಪಕ್ಕದ ಕಟ್ಟೆಯಂತೆ; ಸ್ಟೋರೇಜ್ ಎಂದರೆ ಅಟ್ಟ. ಬಳಸದ ಪಾತ್ರೆಯನ್ನು ಅಟ್ಟಕ್ಕೆ ಹಾಕಿದರೆ ಕಟ್ಟೆ ಒಂದಿಷ್ಟು ತೆರವಾಗುತ್ತದೆ, ನಿಜ. ಆದರೆ ಸಾಸಿವೆ ಡಬ್ಬಿಯೂ ಅಟ್ಟದಲ್ಲಿದ್ದರೆ ಏಣಿ ಹತ್ತಿ ಇಳಿಯುವಷ್ಟರಲ್ಲಿ ಎಣ್ಣೆ ಹೊಗೆಯಾಡುತ್ತಿರುತ್ತದೆ. ಅಗ್ಗದ ಟ್ಯಾಬ್‌ಗಳಲ್ಲಿ ಸಾಮಾನ್ಯವಾಗಿರುವ ಇಎಂಎಂಸಿ 5.1 ಎಂಬ ಬಗೆಯ ಸ್ಟೋರೇಜ್‌ನ ಗರಿಷ್ಠ ವೇಗ ಸೆಕೆಂಡಿಗೆ 400 ಎಂಬಿ. ರ‍್ಯಾಮ್‌ನದು ಹತ್ತು ಜಿಬಿಗೂ ಮೇಲೆ. ಚೂರುಪಾರು ಮಾಹಿತಿ ಹುಡುಕಿ ತರುವಾಗ ಅಂತರ ಸಾವಿರ ಪಟ್ಟು ದಾಟುತ್ತದೆ. ಮೇಲಾಗಿ ಪದೇ ಪದೇ ಬರೆದಷ್ಟೂ ಸ್ಟೋರೇಜ್ ಸವೆಯುತ್ತದೆ.

ಇದು ಸಣ್ಣ ಕಂಪನಿಗಳ ಚಾಳಿ ಮಾತ್ರ ಅಂದುಕೊಳ್ಳಬೇಡಿ. ಸ್ಯಾಮ್‌ಸಂಗ್‌ನಲ್ಲೂ ಇದೇ ಸೌಲಭ್ಯ ‘ರ‍್ಯಾಮ್ ಪ್ಲಸ್’ ಹೆಸರಿನಲ್ಲಿದೆ. ಹಾಗಾಗಿ 4ನ್ನು 16ರ ಜತೆ ಹೋಲಿಸಬೇಡಿ. 4ನ್ನು 8ರ ಜತೆ ಹೋಲಿಸಿ. ಆಗಲೂ ಟೆಕ್ಲಾಸ್ಟೇ ಮುಂದೆ! ಸುಳ್ಳು ಲೆಕ್ಕದ ಅಗತ್ಯವೇ ಇರಲಿಲ್ಲ ಎಂಬುದು ನನ್ನ ಬೇಸರ.

ನಿಜವಾದ ಕೊರತೆಗಳು ಬಾಕ್ಸ್ ಮೇಲೆ ಇರುವುದಿಲ್ಲ. ಟ್ಯಾಬ್ ಎ8 ಆಂಡ್ರಾಯ್ಡ್ 11ರಲ್ಲಿ ಬಂದು 14ರ ತನಕ ಅಪ್‌ಡೇಟ್ ಪಡೆಯಿತು. ಸಣ್ಣ ಕಂಪನಿಯಿಂದ ಅಷ್ಟು ನಿರೀಕ್ಷಿಸಬೇಡಿ. ಅಪ್‌ಡೇಟ್ ಬರದಿದ್ದರೆ ಸುರಕ್ಷತೆಯ ಲೋಪಗಳು ಸರಿಯಾಗುವುದಿಲ್ಲ, ಹಾಗಾಗಿ ಆ ಟ್ಯಾಬ್‌ನಲ್ಲಿ ಬ್ಯಾಂಕ್ ವ್ಯವಹಾರವೂ ಬೇಡ. ದುಬೈನಲ್ಲಿ ಕೊಂಡದ್ದಕ್ಕೆ ಇಲ್ಲಿ ವಾರಂಟಿ ಸಿಗುವುದು ಕಷ್ಟ, ಪರದೆ ಒಡೆದರೆ ಬಿಡಿಭಾಗ ಹುಡುಕುವುದು ಇನ್ನೂ ಕಷ್ಟ. ಜಿಯೊ ಸಿಮ್ ಹಾಕುವುದಿದ್ದರೆ ಜಿಯೊ ಸಿಗ್ನಲ್ ಬರುವ ತರಂಗಾಂತರಗಳಾದ 3, 5, 40ನೇ ಬ್ಯಾಂಡ್‌ಗಳು ಇವೆಯೇ ಎಂದು ಭಾವನವರಿಗೆ ಅಂಗಡಿಯಲ್ಲೇ ನೋಡಲು ಹೇಳಿ. ವಿಡಿಯೊ ನಕಲಾಗದಂತೆ ಕಾಯುವ ವೈಡ್‌ವೈನ್ ವ್ಯವಸ್ಥೆಯ ಮೇಲಿನ ಹಂತ ‘ಎಲ್1’ ಟ್ಯಾಬ್‌ನಲ್ಲಿ ಇಲ್ಲದಿದ್ದರೆ ನೆಟ್‌ಫ್ಲಿಕ್ಸ್ ಎಚ್‌ಡಿಯಲ್ಲಿ ಬರುವುದಿಲ್ಲ. ಹತ್ತನೇ ತರಗತಿಯ ವರ್ಷ ಅದು ನಷ್ಟವೇನಲ್ಲ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಮಗಳು ಓದುವುದು ಪಠ್ಯಪುಸ್ತಕದ ಪಿಡಿಎಫ್ ತಾನೇ? ಹಾಗಿದ್ದರೆ ರ‍್ಯಾಮ್‌ಗಿಂತ ಪರದೆ ಮುಖ್ಯ. 10.1 ಇಂಚಿನಲ್ಲಿ 1280×800 ಇದ್ದರೆ ಇಂಚಿಗೆ ಸುಮಾರು 149 ಪಿಕ್ಸೆಲ್, ಅಂದರೆ ಪರದೆಯ ಚುಕ್ಕೆಗಳು. ಟಿ40 ಪ್ರೊದಂತೆ 10.4 ಇಂಚಿನಲ್ಲಿ 2000×1200 ಇದ್ದರೆ 224. ಇಂಗ್ಲಿಷ್ ಅಕ್ಷರಕ್ಕೆ 149 ಹೇಗೋ ಸಾಕಾದೀತು. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಪುಟ್ಟದಾಗಿ ಕೂರುತ್ತದಲ್ಲ, ‘ರಾಷ್ಟ್ರ’ದ ಟ-ಒತ್ತು, ರ-ಒತ್ತು ಒಂದಕ್ಕೊಂದು ಅಂಟಿ ಮಸಿಯ ಚುಕ್ಕೆಯಂತೆ ಕಾಣುತ್ತವೆ. ಅಂಗಡಿಯಲ್ಲಿ ಸಮಾಜ ವಿಜ್ಞಾನದ ಒಂದು ಪುಟ ತೆರೆದು, ಹಿಗ್ಗಿಸದೆ, ಆ ಪದ ಓದಲು ಭಾವನವರಿಗೆ ಹೇಳಿ.