ರಾಯಚೂರಿನ ಬೇಸಿಗೆಯಲ್ಲಿ ‘ರೂಮ್ ಟೆಂಪರೇಚರ್’ ಅಂದ್ರೆ ಎಷ್ಟು?

ಓದುಗರ ಪ್ರಶ್ನೆ: ರೆಡ್ ವೈನನ್ನು ಫ್ರಿಜ್‌ನಲ್ಲಿ ಇಡಬಾರದು, ರೂಮ್ ಟೆಂಪರೇಚರ್‌ನಲ್ಲೇ ಕುಡಿಯಬೇಕು ಅಂತ ಎಲ್ಲ ಕಡೆ ಬರೆದಿರುತ್ತಾರೆ. ನಮ್ಮದು ರಾಯಚೂರು. ಏಪ್ರಿಲ್‌ನಲ್ಲಿ ನಮ್ಮ ರೂಮು ಒಲೆ ಇದ್ದ ಹಾಗೆ ಇರುತ್ತದೆ. ಹಾಗೇ ಕುಡಿದರೆ ಕಷಾಯ ಕುಡಿದಂತಾಗುತ್ತದೆ. ಫ್ರಿಜ್‌ನಲ್ಲಿ ಇಟ್ಟರೆ ತಪ್ಪಾ?

ತಪ್ಪೇನಿಲ್ಲ, ಧಾರಾಳವಾಗಿ ಇಡಿ. ರಾಯಚೂರು, ಬಳ್ಳಾರಿ, ಕೊಪ್ಪಳ ಈ ಮೂರೂ ಕಡೆಯವರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ಕೇಳುವಾಗ ದನಿಯಲ್ಲಿ ಸ್ವಲ್ಪ ಅಳುಕು ಇರುತ್ತದೆ. ಗೊತ್ತಿದ್ದವರು ನೋಡಿದರೆ ಏನಂದುಕೊಂಡಾರೋ ಅಂತ. ಆ ಅಳುಕು ಬೇಡ. ನಿಮ್ಮ ನಾಲಿಗೆ ಸರಿಯಾಗೇ ಹೇಳಿದೆ. ಆ ಮಾತು ಹುಟ್ಟಿದ ಊರು ಬೇರೆ, ಅಷ್ಟೆ.

ರೂಮ್ ಟೆಂಪರೇಚರ್ ಅನ್ನೋದು ಯುರೋಪಿನ ಚಳಿ ಸೀಮೆಯ ಹಳೇ ಮನೆಗಳ ಮಾತು. ಅಲ್ಲಿ ವೈನ್ ಇಡುತ್ತಿದ್ದದ್ದು ನೆಲಮಾಳಿಗೆಯಲ್ಲಿ. ಅಲ್ಲಿನ ತಂಪು ಸುಮಾರು 12 ಡಿಗ್ರಿ. ಊಟಕ್ಕೆ ಸ್ವಲ್ಪ ಮುಂಚೆ ಬಾಟಲಿಯನ್ನು ಮೇಲಿನ ಕೋಣೆಗೆ ತಂದಿಟ್ಟರೆ ಅದರ ಚಳಿ ಬಿಡುತ್ತಿತ್ತು. ಇದಕ್ಕೆ ಫ್ರೆಂಚರಲ್ಲಿ ‘ಶಾಂಬ್ರೆ’ ಅನ್ನೋ ಪದವೇ ಇದೆ. ಕೋಣೆಯ ಹದಕ್ಕೆ ತರುವುದು ಅಂತ ಅರ್ಥ. ದಪ್ಪ ಕಲ್ಲುಗೋಡೆಯ ಆ ಕೋಣೆಗಳಲ್ಲಿ ಇರುತ್ತಿದ್ದದ್ದು 16ರಿಂದ 18 ಡಿಗ್ರಿ. ನಮ್ಮ ಲೆಕ್ಕದಲ್ಲಿ ಅದು ಜನವರಿ ಬೆಳಗಿನ ಜಾವ, ಕಂಬಳಿ ಹೊದ್ದು ಅಂಗಳಕ್ಕೆ ಬರುವ ಹೊತ್ತು.

ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ದಾಟುತ್ತದೆ. ಆರ್‌ಸಿಸಿ ಛಾವಣಿ ಹಗಲೆಲ್ಲ ಕಾದು, ರಾತ್ರಿ ಮಲಗುವವರೆಗೂ ಝಳ ಬಿಡುತ್ತಾ ಇರುತ್ತದೆ. ಅಂಥ ಮನೆಯಲ್ಲಿ ಕಪಾಟಿನ ಬಾಟಲಿ 35 ಡಿಗ್ರಿ ಇದ್ದರೆ ಆಶ್ಚರ್ಯವಿಲ್ಲ. ಆ ಬಿಸಿಯಲ್ಲಿ ಮೊದಲು ಮೇಲೇಳುವುದು ಆಲ್ಕೋಹಾಲ್. ಗ್ಲಾಸ್ ಮೂಗಿನ ಹತ್ತಿರ ತಂದ ಕೂಡಲೇ ಘಾಟು ಹೊಡೆಯುತ್ತದೆ. ಹಣ್ಣಿನ ವಾಸನೆ ಅದರ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಹಾಗಂತ ಐಸ್‌ನಷ್ಟು ತಣ್ಣಗೆ ಮಾಡಿದರೂ ರೆಡ್ ವೈನ್ ಕೆಡುತ್ತದೆ. ವಾಸನೆ ಒಳಗೇ ಕೂತುಬಿಡುತ್ತದೆ, ಒಗರು ಎದ್ದು ಕಾಣುತ್ತದೆ. ಎರಡರ ನಡುವೆ ಒಂದು ಹದ ಇದೆ. ನಾವು ಹುಡುಕುತ್ತಿರುವುದು ಅದನ್ನೇ.

ಹೋದ ಬೇಸಿಗೆಯಲ್ಲಿ ನಮ್ಮ ಕಾಕಾ ಕೊಪ್ಪಳಕ್ಕೆ ಬಂದಿದ್ದರು. ಕುಷ್ಟಗಿ ಕಡೆ ಬಹಳ ವರ್ಷ ದ್ರಾಕ್ಷಿ ಬೆಳೆದವರು. ವೈನ್ ಮಾತ್ರ ಬಾಯಿಗೆ ಹಾಕಿದವರಲ್ಲ. ರಾತ್ರಿ ಊಟಕ್ಕೆ ಮಾಳಿಗೆ ಮೇಲೆ ಚಾಪೆ ಹಾಸಿದ್ದೆವು. ಒಂದೇ ಬಾಟಲಿಯ ರೆಡ್ ವೈನನ್ನು ಎರಡು ಭಾಗ ಮಾಡಿದ್ದೆ. ಅರ್ಧ ಅಡುಗೆಮನೆ ಕಪಾಟಿನಲ್ಲೇ ಇತ್ತು, ಇನ್ನರ್ಧ ಫ್ರಿಜ್‌ನಲ್ಲಿ. ಮೊದಲು ಕಪಾಟಿನದನ್ನು ಕೊಟ್ಟೆ. ಕಾಕಾ ಒಂದು ಗುಟುಕು ಕುಡಿದು ಗ್ಲಾಸ್ ಕೆಳಗಿಟ್ಟರು.

“ಏನ್ ತಮ್ಮಾ ಇದು, ಔಷಧ ಇದ್ದಂಗ ಐತಲ್ಲೋ. ಎದಿ ಉರೀತೈತಿ.”

ಆಮೇಲೆ ಫ್ರಿಜ್‌ನಲ್ಲಿ ಇದ್ದದ್ದನ್ನು ಕೊಟ್ಟೆ. ಈ ಸಲ ಅವರು ತಕ್ಷಣ ಮಾತಾಡಲಿಲ್ಲ. ಎರಡನೇ ಗುಟುಕು ತೆಗೆದುಕೊಂಡು ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ನೋಡಿದರು.

“ನೇರಲ ಹಣ್ಣು ತಿಂದಂಗ ಆತು ನೋಡು. ನಾಲಿಗಿ ಒಗರ ಆಗೈತಿ.”

ಎರಡೂ ಒಂದೇ ಬಾಟಲಿ ಅಂದಾಗ ಅವರು ನಂಬಲಿಲ್ಲ. ಮನೆಯಲ್ಲಿ ನೀವೂ ಇದನ್ನು ಒಮ್ಮೆ ಮಾಡಿ ನೋಡಿ. ಹತ್ತು ಲೇಖನ ಓದುವುದಕ್ಕಿಂತ ಎರಡು ಗ್ಲಾಸ್ ಪಕ್ಕಪಕ್ಕ ಇಡುವುದು ಲೇಸು.

ಈಗ ಎಷ್ಟು ಹೊತ್ತು ಇಡಬೇಕು ಅನ್ನೋದು. ಬೇರೆ ದೇಶದವರು ರೆಡ್ ವೈನನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಡಿ ಅಂತ ಬರೆಯುತ್ತಾರೆ. ಅವರ ಮನೆಯ ಬಾಟಲಿ ಇಪ್ಪತ್ತರ ಆಸುಪಾಸಿನಲ್ಲಿ ಇರುತ್ತದೆ. ನಮ್ಮದು ಶುರುವಾಗುವುದೇ 35ರಿಂದ. ಅದಕ್ಕೇ ನಮಗೆ ಬೇಸಿಗೆಯಲ್ಲಿ ಸುಮಾರು ಎರಡು ಗಂಟೆ ಬೇಕು. ವೈಟ್ ವೈನ್ ಮತ್ತು ತಿಳಿ ಗುಲಾಬಿ ಬಣ್ಣದ ರೋಸೆ ವೈನ್ ಇನ್ನೂ ತಣ್ಣಗಿರಬೇಕು, 8ರಿಂದ 12 ಡಿಗ್ರಿ. ಬೆಳಿಗ್ಗೆಯೇ ಫ್ರಿಜ್‌ಗೆ ಹಾಕಿಬಿಡಿ. ದಿನವಿಡೀ ಫ್ರಿಜ್‌ನಲ್ಲೇ ಇದ್ದ ರೆಡ್ ವೈನ್ ಜಾಸ್ತಿ ತಣ್ಣಗಾಗಿದ್ದರೆ ಗಾಬರಿ ಬೇಡ. ಗ್ಲಾಸಿಗೆ ಹಾಕಿ ಮಾತಾಡುತ್ತಾ ಕೂತರೆ ಸಾಕು, ನಮ್ಮ ಸೆಕೆ ಅದನ್ನು ಬೇಗ ಹದಕ್ಕೆ ತರುತ್ತದೆ.

ನೆಂಟರು ಬಾಗಿಲಲ್ಲಿ ನಿಂತಿದ್ದಾರೆ, ಬಾಟಲಿ ಬಿಸಿ ಇದೆ ಅನ್ನಿ. ಬಕೆಟ್‌ಗೆ ಐಸ್ ಹಾಕಿ, ಮೇಲೆ ನೀರು ಹಾಕಿ, ಒಂದು ಹಿಡಿ ಉಪ್ಪು ಹಾಕಿ. ಬರೀ ಐಸ್ ಗಡ್ಡೆ ಬಾಟಲಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ. ನೀರು ಸುತ್ತಲೂ ತಾಗಿ ಬಿಸಿಯನ್ನು ಎಳೆದುಕೊಳ್ಳುತ್ತದೆ. ಕಾಲು ಗಂಟೆಯಲ್ಲಿ ರೆಡ್ ವೈನ್ ಸಿದ್ಧ, ಅರ್ಧ ಗಂಟೆಯಲ್ಲಿ ವೈಟ್.

ಕರೆಂಟ್ ಹೋದರೆ? ಹೊಲಕ್ಕೆ ಹೋಗುವವರು ನೀರಿನ ಬಾಟಲಿಗೆ ಹಸಿ ಬಟ್ಟೆ ಸುತ್ತುತ್ತಾರಲ್ಲ, ಅದನ್ನೇ ಮಾಡಿ. ಬಟ್ಟೆಯ ನೀರು ಆರುವಾಗ ಬಾಟಲಿಯ ಬಿಸಿಯನ್ನೂ ಹೊತ್ತುಕೊಂಡು ಹೋಗುತ್ತದೆ. ಮಂಗಳೂರಿನ ಹಸಿ ಗಾಳಿಯಲ್ಲಿ ಇದು ಅಷ್ಟಾಗಿ ನಡೆಯಲ್ಲ. ನಮ್ಮ ಒಣ ಗಾಳಿಗೆ ಹೇಳಿ ಮಾಡಿಸಿದ ಉಪಾಯ. ಬಟ್ಟೆ ಒಣಗಿದ ಹಾಗೆ ನೀರು ಚಿಮುಕಿಸುತ್ತಿರಿ, ಗಾಳಿ ಬರುವ ಕಡೆ ಇಡಿ. ಫ್ರಿಜ್‌ನಷ್ಟು ತಣ್ಣಗಾಗುವುದಿಲ್ಲ, ಆದರೆ ಆ ಘಾಟು ಹೋಗುತ್ತದೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕುಡಿಯುವಾಗಿನ ಬಿಸಿಯನ್ನು ಸರಿ ಮಾಡಬಹುದು, ಅಂಗಡಿಯಲ್ಲೇ ಬೆಂದ ವೈನನ್ನು ಸರಿ ಮಾಡಲಾಗದು. ನಮ್ಮ ಕಡೆ ‘ವೈನ್ಸ್’ ಅಂತ ಬೋರ್ಡ್ ಇರುವ ಅಂಗಡಿಯಲ್ಲಿ ಹೆಚ್ಚಾಗಿ ಹೋಗುವುದು ವಿಸ್ಕಿ, ಬ್ರಾಂಡಿ, ಬೀರು. ವೈನ್ ಮೇಲಿನ ಹಲಗೆಯಲ್ಲಿ ಧೂಳು ಹಿಡಿದು ನಿಂತಿರುತ್ತದೆ. ಒಂದು ಮೇ ತಿಂಗಳಲ್ಲಿ ನಾನು ತಂದ ಬಾಟಲಿಯ ಕಾರ್ಕ್ ಬಾಯಿಂದ ಎರಡು ಕಾಳಿನಷ್ಟು ಮೇಲೆದ್ದಿತ್ತು. ಕುತ್ತಿಗೆ ಅಂಟಂಟಾಗಿತ್ತು. ತೆರೆದರೆ ಬೆಂದ ಒಣದ್ರಾಕ್ಷಿಯ ವಾಸನೆ. ಪೂರ್ತಿ ಚೆಲ್ಲಬೇಕಾಯಿತು, ಮನಸ್ಸಿಗೆ ಬಹಳ ಬೇಜಾರಾಯಿತು. ಆಮೇಲಿಂದ ಮೊದಲು ಕಾರ್ಕ್ ಸವರಿ ನೋಡುತ್ತೇನೆ. ತಿರುಗಿಸುವ ಮುಚ್ಚಳ ಇದ್ದರೆ ಕುತ್ತಿಗೆ ಸೋರಿದೆಯಾ ನೋಡುತ್ತೇನೆ. ವೈಟ್, ರೋಸೆ ಆದರೆ ಲೇಬಲ್ ಓದಿ ಇತ್ತೀಚಿನ ವರ್ಷದ್ದನ್ನೇ ತೆಗೆದುಕೊಳ್ಳುತ್ತೇನೆ. ಬಿಸಿಲು ಬೀಳುವ ಹಲಗೆಯದು ಬೇಡವೇ ಬೇಡ. ತಂದ ಮೇಲೆ ಕಾರಿನಲ್ಲಿ ಬಿಟ್ಟು ಮದುವೆ ಮನೆಗೆ ಹೋಗಬೇಡಿ.

ಇನ್ನು ಊಟ. ವೈನ್ ಅಂದರೆ ಚೀಸ್ ಬೇಕು ಅನ್ನೋದನ್ನು ಮರೆತುಬಿಡಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಇರುವ ತಟ್ಟೆಗೆ ತಂಪಾದ ರೆಡ್ ವೈನ್ ಎಷ್ಟು ಚೆನ್ನಾಗಿ ಹೊಂದುತ್ತದೆ ಗೊತ್ತಾ! ಶೇಂಗಾದ ಎಣ್ಣೆ, ಜಿಡ್ಡು ಆ ಒಗರನ್ನು ಮೆತ್ತಗೆ ಮಾಡುತ್ತದೆ. ಪುಂಡಿಪಲ್ಯಕ್ಕೆ ಮಾತ್ರ ಹುಳಿ ಇರುವ ವೈಟ್ ವೈನೇ ಬೇಕು. ಪಲ್ಯದ ಹುಳಿಯ ಮುಂದೆ ಬೇರೆ ವೈನ್ ಸಪ್ಪೆಯಾಗುತ್ತದೆ. ಕುಡಿಯುವುದು ತಿನ್ನುವುದಕ್ಕಿಂತ ಕಡಿಮೆ ಹುಳಿ ಇರಬಾರದು, ಇಷ್ಟು ನೆನಪಿಟ್ಟರೆ ಸಾಕು.

ಖಾರದ ವಿಷಯದಲ್ಲಿ ಎಚ್ಚರ. ಆಲ್ಕೋಹಾಲ್ ಖಾರದ ಉರಿಯನ್ನು ಹೆಚ್ಚಿಸುತ್ತದೆ, ಒಗರು ಜೊತೆ ಸೇರಿದರೆ ಇನ್ನೂ ಜಾಸ್ತಿ. ಕೆಂಪು ಖಾರ ಹಚ್ಚಿಕೊಂಡು ಕ್ಯಾಬರ್ನೆಯಂಥ ಗಟ್ಟಿ ರೆಡ್ ವೈನ್ ಕುಡಿದರೆ ಬಾಯಿಗೆ ಬೆಂಕಿ ಬಿದ್ದ ಹಾಗೆ. ಅಂಥ ಊಟಕ್ಕೆ ತಣ್ಣಗಿರುವ, ಸ್ವಲ್ಪ ಸಿಹಿ ಇರುವ ವೈಟ್ ಅಥವಾ ರೋಸೆ ತನ್ನಿ. ಮಿರ್ಚಿ ಬಜ್ಜಿ, ಮಂಡಕ್ಕಿ ಒಗ್ಗರಣೆಗೆ ಗುಳ್ಳೆ ಏಳುವ ಸ್ಪಾರ್ಕ್ಲಿಂಗ್ ವೈನ್ ತೆಗೆದು ನೋಡಿ. ಎಣ್ಣೆಯ ಜಿಡ್ಡನ್ನು ಅದು ನಾಲಿಗೆಯಿಂದ ತೊಳೆದುಬಿಡುತ್ತದೆ. ಸಂಜೆ ಮಾಳಿಗೆ ಮೇಲೆ, ಕಾಗದದಲ್ಲಿ ಬಿಸಿ ಬಜ್ಜಿ, ಪಕ್ಕದಲ್ಲಿ ಈ ವೈನ್. ನನಗೆ ಇದಕ್ಕಿಂತ ದೊಡ್ಡ ಪಾರ್ಟಿ ಬೇಡ.

ಗ್ಲಾಸ್ ಯಾವುದು ಅಂತಲೂ ಕೇಳುತ್ತಾರೆ. ಬಾಯಿ ಸ್ವಲ್ಪ ಕಿರಿದಾಗಿ, ಹೊಟ್ಟೆ ಅಗಲ ಇರುವ ಗಾಜಿನ ಲೋಟ ಇದ್ದರೆ ವಾಸನೆ ಒಳಗೆ ನಿಲ್ಲುತ್ತದೆ. ಇಲ್ಲದಿದ್ದರೆ ಇರುವ ಗಾಜಿನ ಲೋಟವೇ ಆಯಿತು. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತುಂಬಬೇಡಿ. ಬೇಸಿಗೆಯಲ್ಲಂತೂ ಸ್ವಲ್ಪ ಸ್ವಲ್ಪವೇ ಹಾಕಿಕೊಳ್ಳಿ, ಉಳಿದದ್ದು ತಂಪಿನಲ್ಲೇ ಇರಲಿ. ರೋಸೆಗೆ ಎರಡು ಐಸ್ ತುಂಡು ಹಾಕಿಕೊಳ್ಳಬೇಕು ಅನ್ನಿಸಿತಾ, ಹಾಕಿಕೊಳ್ಳಿ.

ವಾಸನೆ ಹೇಳುವುದಕ್ಕೂ ಇಷ್ಟೇ. ಬಾಟಲಿಯ ಹಿಂದೆ ಬ್ಲ್ಯಾಕ್‌ಕರಂಟ್, ಗೂಸ್‌ಬೆರಿ ಅಂತ ಬರೆದಿರುತ್ತದೆ. ನಮ್ಮಲ್ಲಿ ಬಹಳ ಜನ ಆ ಹಣ್ಣನ್ನು ಕಂಡೇ ಇಲ್ಲ, ಅದರ ವಾಸನೆ ಬರಲಿಲ್ಲ ಅಂತ ಯಾಕೆ ಕುಗ್ಗಬೇಕು? ಸಾವಿನ್ಯೊ ಬ್ಲಾಂ ಅನ್ನೋ ವೈಟ್ ವೈನ್ ಮೂಸಿದರೆ ನನಗೆ ಬರುವುದು ಪೇರಲ ಹಣ್ಣು, ಆಗಷ್ಟೇ ಕೊಯ್ದ ಹಸಿ ಹುಲ್ಲು. ಕ್ಯಾಬರ್ನೆಯಲ್ಲಿ ಡೊಣ್ಣಮೆಣಸಿನಕಾಯಿ ಹೆಚ್ಚಿದ ವಾಸನೆ ಬಂದರೆ ಅದು ನಿಮ್ಮ ಭ್ರಮೆಯಲ್ಲ. ಆ ದ್ರಾಕ್ಷಿಯಲ್ಲೂ ಮೆಣಸಿನಕಾಯಿಯಲ್ಲೂ ಅದೇ ವಾಸನೆಯ ಅಂಶ ಇದೆ. ಒಗರು, ಹುಳಿ, ಘಾಟು, ಕಮಟು ಇಷ್ಟು ಪದ ಇರುವ ಭಾಷೆಯಲ್ಲಿ ವೈನ್ ಬಗ್ಗೆ ಮಾತಾಡಲು ಏನು ಕೊರತೆ? ನಮ್ಮ ಕಾಕಾ ಹೇಳಿದ ನೇರಲ ಹಣ್ಣು ಯಾವ ಲೇಬಲ್‌ಗೂ ಕಡಿಮೆಯಲ್ಲ.

ಇದು ನಮ್ಮದಲ್ಲದ ಪಾನೀಯ ಅನ್ನುವವರಿಗೆ ಎರಡು ಮಾತು. 1520ರ ಸುಮಾರಿಗೆ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅಲ್ಲಿ ಮಾರುತ್ತಿದ್ದ ದ್ರಾಕ್ಷಿ, ದಾಳಿಂಬೆಯ ಬಗ್ಗೆ ಬರೆದಿದ್ದಾನೆ. ಇವತ್ತು ಅದೇ ಸೀಮೆಯಲ್ಲಿ, ಕೊಪ್ಪಳ ಜಿಲ್ಲೆಯಲ್ಲಿ, ಕ್ರಿಸ್ಮಾ ಎಸ್ಟೇಟ್ಸ್‌ನವರು ಕ್ಯಾಬರ್ನೆ ಸಾವಿನ್ಯೊ, ಸಾವಿನ್ಯೊ ಬ್ಲಾಂ, ಸಾಂಜೊವೆಸೆ ದ್ರಾಕ್ಷಿ ಬೆಳೆದು ವೈನ್ ಮಾಡುತ್ತಿದ್ದಾರೆ. ರಾಜ್ಯ ಸರ್ಕಾರ ವೈನ್‌ಗೆಂದೇ ನೀತಿ ತಂದದ್ದು 2007ರಲ್ಲಿ. ನಂದಿ ಬೆಟ್ಟದ ಕಡೆಯ ಗ್ರೋವರ್ ವೈನ್ ಕಂಪನಿಯವರು ಅದಕ್ಕಿಂತಲೂ ಹಳಬರು, 1988ರಲ್ಲಿ ಶುರುವಾದವರು. ಸಿಹಿ ಪೋರ್ಟ್ ವೈನ್ ಇಷ್ಟ ಅನ್ನುವವರೂ ಸಂಕೋಚಪಡಬೇಡಿ. ಅಂಥವುಗಳಲ್ಲಿ ಬಹಳಷ್ಟು ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಯವು. ಚೆನ್ನಾಗಿ ತಣ್ಣಗೆ ಮಾಡಿ, ಊಟ ಆದ ಮೇಲೆ ಸ್ವಲ್ಪ ಕುಡಿಯಿರಿ.

ಕಾಕಾನ ಪ್ರಶ್ನೆ ಮಾತ್ರ ಬೇರೆಯೇ ಇತ್ತು. “ಇದು ನಾವು ತಿನ್ನೋ ದ್ರಾಕ್ಷಿನಾ? ಚಾಟ್ನಿ ಯಾವಾಗ ಮಾಡ್ತಾರ?” ತಿನ್ನುವ ದ್ರಾಕ್ಷಿ ದೊಡ್ಡದು, ಸಿಪ್ಪೆ ತೆಳು. ವೈನ್ ದ್ರಾಕ್ಷಿ ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಬಣ್ಣ ಬರುವುದು ಸಿಪ್ಪೆಯಿಂದ, ಒಗರು ಬರುವುದು ಸಿಪ್ಪೆ ಮತ್ತು ಬೀಜದಿಂದ. ಚಾಟ್ನಿ, ಅಂದರೆ ಬಳ್ಳಿಗೆ ಕತ್ತರಿ ಹಾಕುವುದು, ಮಾತ್ರ ಎರಡಕ್ಕೂ ಒಂದೇ ಲೆಕ್ಕ. ಯುರೋಪಿನ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ನಮ್ಮ ಸೆಕೆಯಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಅದಕ್ಕೇ ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ಕತ್ತರಿ ಹಾಕುತ್ತಾರೆ. ಮೊದಲನೆಯದು ಕಡ್ಡಿಗೆ, ಎರಡನೆಯದು ಹಣ್ಣಿಗೆ. ಮಳೆ ಮುಗಿದ ಮೇಲೆ, ರಾತ್ರಿ ತಂಪಿರುವ ದಿನಗಳಲ್ಲಿ ಹಣ್ಣು ಮಾಗಿ ಫೆಬ್ರವರಿ, ಮಾರ್ಚ್ ಹೊತ್ತಿಗೆ ಕೊಯ್ಲು. ಇದನ್ನು ಕೇಳಿದ ಮೇಲೆ ಕಾಕಾ ಗ್ಲಾಸನ್ನು ಬಲ್ಬಿನ ಬೆಳಕಿಗೆ ಹಿಡಿದು ಬಹಳ ಹೊತ್ತು ಬಣ್ಣ ನೋಡಿದರು.

ಎಷ್ಟು ಕುಡಿಯಬೇಕು? ವೈನ್ ಹಗುರ ಅಂದುಕೊಂಡು ಲೆಕ್ಕ ತಪ್ಪುವವರು ಬಹಳ. ವೈನ್‌ನಲ್ಲಿ ಸಾಮಾನ್ಯವಾಗಿ ಶೇ 12ರಿಂದ 14 ಆಲ್ಕೋಹಾಲ್ ಇರುತ್ತದೆ. 750 ಎಂಎಲ್ ಬಾಟಲಿಯಲ್ಲಿ ಅರ್ಧ ಮುಗಿಸಿದರೆ ಸುಮಾರು ಎರಡು ಲಾರ್ಜ್ ವಿಸ್ಕಿಯಷ್ಟಾಯಿತು. ಪಕ್ಕದಲ್ಲಿ ಒಂದು ತಂಬಿಗೆ ನೀರು ಇರಲಿ, ಸೆಕೆಗೆ ಮೈ ಬೇಗ ಒಣಗುತ್ತದೆ. ಗಾಡಿ ಓಡಿಸುವವರು, ಗರ್ಭಿಣಿಯರು, 21 ತುಂಬದವರು ಕುಡಿಯುವುದು ಬೇಡ. ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಕುಡಿಯದವರಿಗೆ ಒತ್ತಾಯ ಮಾಡುವುದಂತೂ ಬೇಡವೇ ಬೇಡ.

ಉಳಿದ ವೈನಿಗೆ ಮುಚ್ಚಳ ಹಾಕಿ ಮತ್ತೆ ಫ್ರಿಜ್‌ನಲ್ಲೇ ಇಡಿ, ರೆಡ್ ಆದರೂ ಸರಿ. ಮೂರು ದಿನ ಚೆನ್ನಾಗಿರುತ್ತದೆ. ಹೊರಗಿಟ್ಟರೆ ನಮ್ಮ ಸೆಕೆಗೆ ಮಾರನೇ ದಿನಕ್ಕೇ ರುಚಿ ಇಳಿದು, ಹುಳಿಯ ಕಡೆ ಹೋಗುತ್ತದೆ. ನಮ್ಮ ಮನೆಯಲ್ಲಿ ಆ ರಾತ್ರಿ ಕಾಲು ಬಾಟಲಿ ಉಳಿದಿತ್ತು. ಮರುದಿನ ಊಟಕ್ಕೆ ಕೂತಾಗ ಕಾಕಾ ರೊಟ್ಟಿ ಮುರಿಯುತ್ತಾ ಕೇಳಿದರು: “ತಮ್ಮಾ, ಆ ನೇರಲ ಹಣ್ಣಿಂದು ಇನ್ನಾ ಐತೇನು?”